ಬಕೆಟ್‌ಗೆ ಬಿಡುವ ಕಾಯಿಲ್ ಗೊತ್ತಿದ್ದರೆ ಬ್ಲಾಕ್ ಹೀಟರ್ ಗೊತ್ತಿದ್ದಂತೆಯೇ

ತಮ್ಮಾ,

ಅಣ್ಣ ಎಂದು ಕರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟು ಬರೆಯುತ್ತಿದ್ದೇನೆ. ನವೆಂಬರ್‌ನಲ್ಲಿ ಕೆನಡಾದ ಸಾಸ್ಕಾಚೆವಾನ್‌ಗೆ, ದನ ಸಾಕುವ ಫಾರ್ಮ್ ಒಂದಕ್ಕೆ ಬರುತ್ತಿದ್ದೀಯ. ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ಮೇವು ಹಾಕುವುದು ನಿನ್ನ ಕೆಲಸವಂತೆ, ಅದಕ್ಕೆ ಹಿಂದಿನ ರಾತ್ರಿ ಬ್ಲಾಕ್ ಹೀಟರ್ ಹಚ್ಚಿಡಬೇಕಂತೆ. ಅದೇನು, ಮೈನಸ್ 30ರಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಕೆಲಸದಿಂದ ತೆಗೆಯುತ್ತಾರೆಯೇ, ಜಾಕೆಟ್ ಊರಿನಿಂದಲೇ ತರಬೇಕೇ ಎಂದು ಕೇಳಿದ್ದೀಯ. ಹಾವೇರಿ ಜಿಲ್ಲೆಯಿಂದ ನಾನು ಇಲ್ಲಿಗೆ ಬಂದು ಹದಿನಾಲ್ಕು ಚಳಿಗಾಲ ಕಳೆದಿವೆ. ಮೊದಲ ಚಳಿಗಾಲದಲ್ಲಿ ನನಗೂ ನಿನ್ನಷ್ಟೇ ತಿಳಿದಿತ್ತು.

ಊರಲ್ಲಿ ಸ್ನಾನದ ನೀರು ಕಾಯಿಸಲು ಬಕೆಟ್‌ಗೆ ಇಳಿಬಿಡುತ್ತೇವಲ್ಲ, ಆ ಕಾಯಿಲ್ ಇದೆಯಲ್ಲ, ಬ್ಲಾಕ್ ಹೀಟರ್ ಎಂದರೆ ಅದೇ. ಎಂಜಿನ್‌ನ ಹೊಟ್ಟೆಯಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಹರಿಯುವ ಜಾಗಕ್ಕೆ ಚಿಕ್ಕದೊಂದು ಕಾಯಿಲ್ ತೂರಿಸಿರುತ್ತಾರೆ. ಅದರ ತಂತಿ ಮುಂದಿನ ಗ್ರಿಲ್‌ನಿಂದ ಹೊರಗೆ ನೇತಾಡುತ್ತಿರುತ್ತದೆ. ಇಲ್ಲಿನ ಕಾರುಗಳ ಮೂತಿಯಲ್ಲೂ ಹೀಗೊಂದು ಪ್ಲಗ್ ಕಾಣುತ್ತದೆ, ಪಾರ್ಕಿಂಗ್ ಜಾಗಗಳಲ್ಲಿ ಅದಕ್ಕೆಂದೇ ಸಾಲುಸಾಲಾಗಿ ಸಾಕೆಟ್ ಹಾಕಿರುತ್ತಾರೆ. ಬಂದ ಹೊಸದರಲ್ಲಿ ಇವೆಲ್ಲ ಬ್ಯಾಟರಿ ಕಾರುಗಳೆಂದೇ ನಾನು ತಿಳಿದಿದ್ದೆ. ಗಡಿಯಾಚೆ ಅಮೆರಿಕದ ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಹಳ್ಳಿಗಳಿಗೆ ವಿದ್ಯುತ್ ಕೊಡುವ ಸಹಕಾರ ಸಂಘವನ್ನು ನಡೆಸುತ್ತಿದ್ದ ಆಂಡ್ರ್ಯೂ ಫ್ರೀಮನ್ ಎಂಬಾತ 1949ರಲ್ಲಿ ಇಂಥ ಹೀಟರ್ ಒಂದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಇಲ್ಲಿನ ರೈತರು ರಾತ್ರಿ ಎಂಜಿನ್ ಆಯಿಲನ್ನು ಬಸಿದು ಮನೆಯೊಳಗೆ ಒಲೆಯ ಪಕ್ಕ ಇಟ್ಟುಕೊಂಡು, ಬೆಳಿಗ್ಗೆ ಬಿಸಿಬಿಸಿಯಾಗಿ ಸುರಿಯುತ್ತಿದ್ದರು.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ, ಅದು ನಿನಗೆ ಗೊತ್ತು. ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸುತ್ತಲಿನ ಕಬ್ಬಿಣವೇ ಮೈನಸ್ 30ರಲ್ಲಿದ್ದರೆ ಆ ಕಾವನ್ನೆಲ್ಲ ಕಬ್ಬಿಣವೇ ಕುಡಿದುಬಿಡುತ್ತದೆ. ಎಂಜಿನ್ ಆಯಿಲ್ ಜೋನಿಬೆಲ್ಲದಂತೆ ಮಂದವಾಗಿರುತ್ತದೆ, ಬ್ಯಾಟರಿ ಮೈನಸ್ 18ರ ಹೊತ್ತಿಗೇ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಂಡಿರುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ಎರಡು ಸಲ ನರಳಿ ಸುಮ್ಮನಾಗುತ್ತದೆ. ಊರಲ್ಲಿ ಬ್ಯಾಟರಿ ಕೈಕೊಟ್ಟರೆ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಗೇರ್‌ಗೆ ಹಾಕಿ ಕ್ಲಚ್ ಬಿಡುತ್ತಿದ್ದೆವು. ಇಲ್ಲಿ ನೆಲ ಚಪಾತಿ ಮಣೆಯಷ್ಟು ಸಮ, ಇಳಿಜಾರನ್ನು ಎಲ್ಲಿಂದ ತರುತ್ತೀಯ?

ಹೀಟರ್ ಇದೆ, ಪ್ಲಗ್ ಚುಚ್ಚಿದ್ದೇನೆ, ಕೆಲಸ ಮುಗಿಯಿತು ಎಂದುಕೊಂಡರೆ ನನ್ನ ಹಾಗೆ ಆಗುತ್ತದೆ. ನನ್ನ ಎರಡನೆಯ ಚಳಿಗಾಲ, ಜನವರಿ. ಕೊಟ್ಟಿಗೆಯ ಗೋಡೆಯಲ್ಲಿದ್ದ ಒಂದೇ ಲೈನಿಗೆ ಲೋಡರ್ ಟ್ರ್ಯಾಕ್ಟರನ್ನೂ ಪಿಕಪ್ ಗಾಡಿಯನ್ನೂ ಚುಚ್ಚಿ ಊಟಕ್ಕೆ ಹೋದೆ. ಟ್ರ್ಯಾಕ್ಟರಿನದು 1500 ವ್ಯಾಟ್, ಪಿಕಪ್‌ನದು 600. ಇಲ್ಲಿನ ವೋಲ್ಟೇಜ್ 120, ಲೈನು 15 ಆಂಪಿಯರಿನದು. ಗುಣಿಸಿದರೆ 1800 ವ್ಯಾಟ್, ಅಷ್ಟಕ್ಕೇ ಅದರ ಮಿತಿ ಮುಗಿಯಿತು. ಐ.ಟಿ.ಐ. ಓದಿದವನು ನಾನು, ಈ ಲೆಕ್ಕ ಹಾಕಲಿಲ್ಲ. ರಾತ್ರಿ ಯಾವ ಹೊತ್ತಿಗೋ ಬ್ರೇಕರ್ ಬಿದ್ದಿದೆ. ಬೆಳಿಗ್ಗೆ ಆರಕ್ಕೆ ಹೊರಗೆ ಮೈನಸ್ 34. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಉಪ್ಪು ಚೆಲ್ಲಿದಂತೆ ಹಿಮ, ಒಂದು ಕಡೆಯೂ ಕರಗಿಲ್ಲ. ನೂರಿಪ್ಪತ್ತು ದನಗಳು ಬೇಲಿಗೆ ಎದೆಯೊತ್ತಿ ನಿಂತಿವೆ, ಮೂಗಿನ ಹಬೆ ಮೀಸೆಯ ಮೇಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ. ಒಂದೊಂದು ಹುಲ್ಲಿನ ಸುರುಳಿ ಐದಾರು ಕ್ವಿಂಟಾಲ್ ತೂಗುತ್ತದೆ, ಕೈಯಲ್ಲಿ ಉರುಳಿಸುವ ಮಾತೇ ಇಲ್ಲ. ಪಕ್ಕದ ಫಾರ್ಮ್‌ನವರು ತಮ್ಮ ಟ್ರ್ಯಾಕ್ಟರ್ ತಂದು ಮೇವು ಹಾಕಿಕೊಟ್ಟರು. ಯಜಮಾನರು ಬೈಯಲಿಲ್ಲ. ತುದಿಯಲ್ಲಿ ಪುಟ್ಟ ದೀಪ ಉರಿಯುವ ಎಕ್ಸ್‌ಟೆನ್ಷನ್ ತಂತಿಯೊಂದನ್ನು ತಂದು ನನ್ನ ಕೈಗಿಟ್ಟರು, ಅಷ್ಟೇ. ಬೈದಿದ್ದರೇ ವಾಸಿ ಅನ್ನಿಸಿತ್ತು.

ಅಂದಿನಿಂದ ಮಲಗುವ ಮುಂಚೆ ಕಿಟಕಿಯಿಂದ ಆ ದೀಪ ನೋಡದೆ ಹಾಸಿಗೆಗೆ ಹೋಗುವುದಿಲ್ಲ. ಆದರೆ ದೀಪ ಉರಿದರೆ ತಂತಿಯ ತನಕ ಕರೆಂಟ್ ಬಂದಿದೆ ಎಂದಷ್ಟೇ ಅರ್ಥ. ಕಾಯಿಲ್ ಸುಟ್ಟುಹೋಗಿದ್ದರೂ ದೀಪ ಉರಿಯುತ್ತದೆ. ಅದಕ್ಕೆ ಪ್ಲಗ್ ಚುಚ್ಚಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಪಕ್ಕ ಕಿವಿಗೊಟ್ಟು ನಿಲ್ಲು. ಇಡ್ಲಿ ಪಾತ್ರೆಯ ನೀರು ಕುದಿಯುವ ಮುಂಚೆ ತಳದಲ್ಲಿ ಚುರುಗುಡುತ್ತದಲ್ಲ, ಅದೇ ಸದ್ದು ಸಣ್ಣಗೆ ಕೇಳಿಸುತ್ತದೆ. ಕೇಳದಿದ್ದರೆ ಮೀಟರ್ ಹಿಡಿದು ಪ್ಲಗ್‌ನ ಎರಡು ಕಡ್ಡಿಗಳ ನಡುವೆ ಓಮ್ ನೋಡು. 1000 ವ್ಯಾಟಿನದಾದರೆ 14ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ ಅಥವಾ ಇಲಿ ತಂತಿ ಕಡಿದಿದೆ. ಇಲಿಯೇ ಇರಬೇಕು ಎಂದು ಮೊದಲು ಅನುಮಾನಿಸು, ಚಳಿಗಾಲದಲ್ಲಿ ಅವಕ್ಕೆ ಟ್ರ್ಯಾಕ್ಟರಿಗಿಂತ ಒಳ್ಳೆಯ ಮನೆ ಇಲ್ಲ. ಕೂಲಂಟ್ ಮಟ್ಟವನ್ನೂ ನೋಡುತ್ತಿರು. ನೀರಿಲ್ಲದ ಬಕೆಟ್‌ನಲ್ಲಿ ಕಾಯಿಲ್ ಆನ್ ಮಾಡಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮೈನಸ್ 37ರವರೆಗೆ ಹೆಪ್ಪುಗಟ್ಟದೆ ತಡೆಯುತ್ತದೆ, ನಾವು ಅರವತ್ತು ಪಾಲು ಕೂಲಂಟ್‌ಗೆ ನಲವತ್ತು ಪಾಲು ನೀರು ಬೆರೆಸುತ್ತೇವೆ.

ರಾತ್ರಿಯಿಡೀ ಉರಿಸುವ ಅಗತ್ಯವಿಲ್ಲ. ಟೈಮರ್ ಹಾಕಿ ಬೆಳಗಿನ ಜಾವ ಎರಡಕ್ಕೆ ಶುರುವಾಗುವಂತೆ ಇಟ್ಟರೆ ಆರಕ್ಕೆ ಸಾಕಷ್ಟು ಕಾದಿರುತ್ತದೆ. 1500 ವ್ಯಾಟಿನ ಹೀಟರ್ ನಾಲ್ಕು ಗಂಟೆಗೆ 6 ಯೂನಿಟ್ ತಿನ್ನುತ್ತದೆ, ಸಂಜೆ ಆರರಿಂದ ಉರಿಸಿದರೆ 18 ಯೂನಿಟ್. ಟೈಮರ್ ಆ ಆಂಪಿಯರ್ ತಡೆಯುವಂಥದ್ದೇ ಆಗಿರಲಿ. ತಂತಿಯೂ ಚಳಿಗೆಂದೇ ಮಾಡಿದ ದಪ್ಪ ತಂತಿಯಾಗಬೇಕು. ಮಾಮೂಲಿ ತಂತಿ ಮೈನಸ್ 30ರಲ್ಲಿ ಒಣ ಬಿದಿರಿನ ಹಾಗೆ ಸೆಟೆದುಕೊಂಡು, ಬಗ್ಗಿಸಿದಲ್ಲಿ ಸೀಳುತ್ತದೆ. ಪ್ಲಗ್ ಕೀಳದೆ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗದವರು ಈ ಪ್ರಾಂತ್ಯದಲ್ಲಿ ಸಿಕ್ಕುವುದು ಕಷ್ಟ. ನಾನು ಎರಡು ಸಲ ಹೋಗಿದ್ದೇನೆ. ಈಗ ತಂತಿಯನ್ನು ಹತ್ತುವ ಮೆಟ್ಟಿಲಿಗೆ ಸುತ್ತಿಯೇ ಚುಚ್ಚುತ್ತೇನೆ, ಕೀಳದೆ ಮೇಲೆ ಹತ್ತುವಂತೆಯೇ ಇಲ್ಲ.

ಎಂಜಿನ್ ಬೆಚ್ಚಗಿದ್ದು ಸೆಲ್ಫ್ ಚುರುಕಾಗಿ ತಿರುಗಿದರೂ ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಕಡೆ ನೋಡು. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ಅವ್ವ ಅದನ್ನು ಬಿಸಿಲಿಗೆ ಇಡುತ್ತಿದ್ದಳಲ್ಲ, ಡೀಸೆಲ್‌ನಲ್ಲಿರುವ ಮೇಣವೂ ಹಾಗೆಯೇ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬ್ಲಾಕ್ ಹೀಟರ್ ಟ್ಯಾಂಕನ್ನು ಕಾಯಿಸುವುದಿಲ್ಲ. ಬೇಸಿಗೆಯ ಡೀಸೆಲ್ ಉಳಿದಿದ್ದರೆ ಚಳಿ ಬೀಳುವ ಮುಂಚೆಯೇ ಖಾಲಿ ಮಾಡಿ ಚಳಿಗಾಲದ ಡೀಸೆಲ್ ತುಂಬಿಸಬೇಕು. ಮೇಣ ಕಟ್ಟದಂತೆ ಹಾಕುವ ದ್ರವವನ್ನೂ ಮುಂಚೆಯೇ ಹಾಕಬೇಕು, ಕಟ್ಟಿದ ಮೇಲೆ ಸುರಿದರೆ ದುಡ್ಡು ದಂಡ.

ಅವಸರದಲ್ಲಿ ಯಾರಾದರೂ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಕೈಗೆ ಕೊಟ್ಟು ಗಾಳಿ ಎಳೆಯುವ ಕೊಳವೆಗೆ ಹೊಡಿ ಎನ್ನಬಹುದು. ಗ್ಲೋ ಪ್ಲಗ್ (ಸಿಲಿಂಡರಿನೊಳಗೆ ಕೆಂಪಗೆ ಕಾಯುವ ಕಡ್ಡಿ) ಅಥವಾ ಒಳಗಾಳಿ ಕಾಯಿಸುವ ಸಾಧನ ಇರುವ ಎಂಜಿನ್‌ಗೆ ಅದನ್ನು ಹೊಡೆದರೆ ಕೆಂಡಕ್ಕೆ ಪೆಟ್ರೋಲ್ ಸುರಿದಂತೆ. ಪಿಸ್ಟನ್ ಒಡೆಯಬಹುದು, ಮುಖವೂ ಸುಡಬಹುದು. ಯಜಮಾನರೇ ಹೇಳಿದರೂ ಕೈಪಿಡಿ ನೋಡಿ ಬರುತ್ತೇನೆ ಎನ್ನು.

ಸ್ಟಾರ್ಟ್ ಆದ ಕೂಡಲೇ ಲೋಡರ್ ಎತ್ತಲು ಹೋಗಬೇಡ. ಎಂಜಿನ್ ಬೆಚ್ಚಗಿದ್ದರೂ ಹೈಡ್ರಾಲಿಕ್ ಆಯಿಲ್ ಇನ್ನೂ ಮಂಜುಗಡ್ಡೆಯಷ್ಟೇ ತಣ್ಣಗಿರುತ್ತದೆ, ಪಂಪು ಕಿರುಚುವುದೇ ಅದರ ಗುರುತು. ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಓಡಲಿ. ಇನ್ನು ಟಿ.ವಿ.ಯಲ್ಲಿ ಗಾಳಿ ಸೇರಿಸಿ ಮೈನಸ್ 45 ಎನ್ನುತ್ತಾರೆ, ಆ ಲೆಕ್ಕ ನಿನ್ನ ಚರ್ಮಕ್ಕೆ ಮಾತ್ರ. ಹೊರಗಿನ ಗಾಳಿ ಮೈನಸ್ 30 ಇದ್ದರೆ ಎಂಜಿನ್ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದರೆ ಬೀಸುಗಾಳಿ ಹೀಟರ್ ಕೊಟ್ಟ ಕಾವನ್ನು ಹೊತ್ತುಕೊಂಡು ಹೋಗುತ್ತದೆ, ಅದಕ್ಕೇ ಟ್ರ್ಯಾಕ್ಟರನ್ನು ಗೋಡೆಯ ಮರೆಗೆ ನಿಲ್ಲಿಸಿ ಬಾನೆಟ್ ಮೇಲೆ ಹಳೆಯ ಕಂಬಳಿ ಹೊದಿಸುತ್ತೇವೆ.

ಒಂದು ದಿನ ಸ್ಟಾರ್ಟ್ ಆಗದಿದ್ದರೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಇಲ್ಲಿ ಎಲ್ಲರಿಗೂ ಆಗಿರುವುದೇ. ಆಗಲಿಲ್ಲ ಎಂಬುದನ್ನು ಎಂಟು ಗಂಟೆಯವರೆಗೆ ಮುಚ್ಚಿಟ್ಟರೆ ಮಾತ್ರ ಕೋಪ ಬರುತ್ತದೆ. ದನಗಳಿಗೆ ಚಳಿಯಲ್ಲಿ ಮೇವೇ ಬೆಂಕಿ.

ಜಾಕೆಟ್ ತರಬೇಡ, ಬೆಂಗಳೂರಿನಲ್ಲಿ ಸಿಗುವುದು ಇಲ್ಲಿ ಅಕ್ಟೋಬರ್‌ಗೆ ಮಾತ್ರ ಸಾಕು. ಬಂದ ಮೇಲೆ ಇಲ್ಲೇ ಕೊಳ್ಳೋಣ, ನಾನು ಜೊತೆಗೆ ಬರುತ್ತೇನೆ. ಕೊಬ್ಬರಿ ಎಣ್ಣೆ ತರುವುದಾದರೆ ಬಾಟಲಿ ಬೇಡ, ಅಗಲ ಬಾಯಿಯ ಡಬ್ಬಿಯಲ್ಲಿ ತಾ. ಮನೆಯೊಳಗೂ ಅದನ್ನು ಚಮಚದಲ್ಲೇ ಕೆರೆಯಬೇಕು.