ದೋಣಿ ಹತ್ತದೆ ಹವಳ ನೋಡಲು ದಹಾಬ್ ಸರಿಯೇ?

ಪ್ರಶ್ನೆ: ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ತರಬೇತಿಯಾದ ಓಪನ್ ವಾಟರ್ ಕೋರ್ಸ್ ಈಚೆಗಷ್ಟೇ ಮುಗಿಸಿದೆ. ದೋಣಿ ಹತ್ತಿದರೆ ವಾಂತಿ. ಈಜಿಪ್ಟಿನ ದಹಾಬ್‌ನಲ್ಲಿ ದಡದಿಂದಲೇ ನೀರಿಗಿಳಿಯಬಹುದಂತೆ. ಹೊಸಬರಿಗೆ ಸುರಕ್ಷಿತವೇ? ಅಲ್ಲಿನ ಬ್ಲೂ ಹೋಲ್ ಎಂಬ ಆಳವಾದ ಕಡಲಗುಂಡಿ ನೋಡುವ ಆಸೆಯೂ ಇದೆ.

ಉತ್ತರ: ದಹಾಬ್ ಒಳ್ಳೆಯ ಆಯ್ಕೆಯೇ. ಆದರೆ ಅಲ್ಲಿನ ಎಲ್ಲ ಜಾಗಗಳೂ ನಿಮಗಲ್ಲ. ಊರಿನೊಳಗೇ ಇರುವ ಲೈಟ್‌ಹೌಸ್ ಎಂಬ ಡೈವ್ ಜಾಗದಿಂದ ಶುರುಮಾಡಿ. ಅಲ್ಲಿ ಮರಳಿನ ಇಳಿಜಾರು, ಪಕ್ಕದಲ್ಲೇ ಹವಳದ ದಿಬ್ಬ. ತರಬೇತುದಾರರು ಹೊಸಬರನ್ನು ಇಲ್ಲಿಗೇ ಕರೆತರುವುದು. ಬ್ಯಾಲೆನ್ಸ್ ತಪ್ಪಿದರೆ ಮರಳಿನ ಮೇಲೆ ಬೀಳುತ್ತೀರಿ, ಹವಳದ ಮೇಲಲ್ಲ. ಒಂದೇ ಎಚ್ಚರ: ದಹಾಬ್ ಇರುವ ಅಕಾಬಾ ಕೊಲ್ಲಿ (ಕೆಂಪು ಸಮುದ್ರದ ಒಂದು ಕವಲು) ದಡಕ್ಕೆ ಹತ್ತಿರದಲ್ಲೇ ತುಂಬಾ ಆಳವಾಗುತ್ತದೆ. ನೀರು ತಿಳಿಯಾಗಿರುವುದರಿಂದ ಆಳ ಗೊತ್ತೇ ಆಗುವುದಿಲ್ಲ. ನಿಮ್ಮ ಮಿತಿ 18 ಮೀಟರ್. ಆಳ ತೋರಿಸುವ ಡೈವ್ ಕಂಪ್ಯೂಟರ್ ನೋಡುತ್ತಲೇ ಇರಿ.

ಮುಳುಗಲು ಕಟ್ಟಿಕೊಳ್ಳುವ ತೂಕದ ವಿಷಯವನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಕೆಂಪು ಸಮುದ್ರದಲ್ಲಿ ಸುಮಾರು 40. ಉಪ್ಪು ಹೆಚ್ಚಿದಷ್ಟೂ ದೇಹ ಹೆಚ್ಚು ತೇಲುವುದರಿಂದ ಈಜುಕೊಳದಲ್ಲಿ ಸರಿಹೋದ ತೂಕ ಇಲ್ಲಿ ಸಾಲದು. ನೀರಿನ ಮೇಲ್ಮೈಯಲ್ಲೇ ಪರೀಕ್ಷಿಸಿ, ಅದೂ ಸಿಲಿಂಡರ್ ಬಹುತೇಕ ಖಾಲಿಯಾದಾಗ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ತೇಲತೊಡಗುತ್ತದೆ. ಡೈವ್‌ನ ಕೊನೆಯಲ್ಲಿ ಸುರಕ್ಷತೆಗಾಗಿ 5 ಮೀಟರ್ ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾದಾಗ ನಿಲ್ಲಲಾಗದೆ ಮೇಲಕ್ಕೆ ಚಿಮ್ಮುವವರು ಹೆಚ್ಚಾಗಿ ಈ ಲೆಕ್ಕ ತಪ್ಪಿದವರೇ.

ದಡದ ಡೈವ್‌ನಲ್ಲಿ ಕಷ್ಟವಾದದ್ದು ಇಳಿಯುವುದು ಮತ್ತು ಹತ್ತುವುದು. ದಹಾಬ್ ವಿಂಡ್‌ಸರ್ಫಿಂಗ್‌ಗೂ ಹೆಸರಾದ ಊರು, ಅಂದರೆ ಗಾಳಿಯ ಊರು. ಬೆಳಿಗ್ಗೆ ಬೇಗ ಇಳಿಯಿರಿ. ದಪ್ಪ ತಳದ ಬೂಟಿ ಹಾಕಿ, ಕಾಲೆತ್ತಿ ಇಡದೆ ಸರಿಸುತ್ತ ನಡೆಯಿರಿ: ಮರಳಿನಲ್ಲಿ ನೀಲಿ ಚುಕ್ಕೆಯ ತೊರಕೆ ಮಲಗಿರುತ್ತದೆ, ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಸ್ಟೋನ್‌ಫಿಶ್. ಅದರ ಮುಳ್ಳು ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ವೈದ್ಯರ ಬಳಿ ಹೋಗಬೇಕು.

ನೋಡಲು ಏನಿದೆ ಎಂದರೆ, ಆತುರ ಬಿಟ್ಟರೆ ಸಾಕಷ್ಟಿದೆ. ಅನಿಮೋನ್ ಎಂಬ ಹೂವಿನಂಥ ಕಡಲಜೀವಿಯನ್ನು ಕಾಯುವ ಕ್ಲೌನ್ ಮೀನು, ಹವಳ ಕೆರೆಯುವ ಗಿಳಿಮೀನು, ರೆಕ್ಕೆ ಹರಡಿ ನಿಂತ ಲಯನ್‌ಫಿಶ್. ಅದಕ್ಕೂ ವಿಷದ ಮುಳ್ಳುಗಳಿವೆ, ತಾನಾಗಿ ಬೆನ್ನಟ್ಟುವುದಿಲ್ಲ. ಟೈಟಾನ್ ಟ್ರಿಗರ್‌ಫಿಶ್ ಹಾಗಲ್ಲ. ಗೂಡು ಕಾಯುವ ಕಾಲದಲ್ಲಿ ಮೇಲೆ ಬಿದ್ದು ಕಚ್ಚುತ್ತದೆ. ಆಗ ಮೇಲಕ್ಕೇರಬೇಡಿ, ಅದು ತನ್ನದೆಂದುಕೊಳ್ಳುವ ಜಾಗ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತ ಹೋಗುತ್ತದೆ. ಪಕ್ಕಕ್ಕೆ ಈಜಿ ಜಾಗ ಖಾಲಿ ಮಾಡಿ.

ಬ್ಲೂ ಹೋಲ್? ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ ನೀರಿನ ಮೇಲಿನಿಂದಲೇ ಅಂಚಿನ ಹವಳ ನೋಡಿ ಬನ್ನಿ, ಅದೇ ಅಲ್ಲಿನ ಚಂದದ ಭಾಗ ಎಂಬುದು ನನ್ನ ಅಭಿಪ್ರಾಯ. ಗುಂಡಿಯಿಂದ ಹೊರಗಿನ ಕಡಲಿಗೆ ದಾರಿಯಾಗಿರುವ ಹೆಸರುವಾಸಿಯಾದ ಕಮಾನು ಇರುವುದು 50 ಮೀಟರಿಗಿಂತ ಕೆಳಗೆ. ಅದನ್ನು ದಾಟಲು ಹೋಗಿ ತೀರಿಕೊಂಡ ಡೈವರ್‌ಗಳ ಹೆಸರಿನ ಫಲಕಗಳು ದಡದ ಬಂಡೆಯ ಮೇಲೇ ಇವೆ. ‘ಸ್ವಲ್ಪ ಕೆಳಗೆ ಹೋಗಿ ಬರೋಣ’ ಎನ್ನುವ ಗೈಡ್ ಸಿಕ್ಕರೆ ಗೈಡ್ ಬದಲಿಸಿ.

ಇನ್ನೊಂದು, ನೀವು ಕೇಳದಿದ್ದರೂ: ದಹಾಬ್‌ಗೆ ಹೋದವರು ಸಿನಾಯ್ ಪರ್ವತವನ್ನೂ ಹತ್ತುತ್ತಾರೆ. ಅದರ ಎತ್ತರ 2,285 ಮೀಟರ್. ಡೈವ್ ಮಾಡಿದ ರಾತ್ರಿಯೇ ಹೊರಟರೆ, ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ದೇಹದಲ್ಲಿ ಉಳಿದ ನೈಟ್ರೋಜನ್ ಗುಳ್ಳೆಗಳಾಗಿ ಡಿಕಂಪ್ರೆಷನ್ ಕಾಯಿಲೆ ಬರಬಹುದು. ಡೈವ್ ಆದ ಮೇಲೆ ವಿಮಾನ ಹತ್ತುವವರಿಗೆ ಹೇಳುವ ನಿಯಮವನ್ನೇ ಇಲ್ಲೂ ಪಾಲಿಸಿ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದರೆ 18 ಗಂಟೆ ಬಿಡುವು. ಬೆಟ್ಟವನ್ನು ಮೊದಲೇ ಮುಗಿಸಿ, ಒಂದು ದಿನ ವಿಶ್ರಾಂತಿ ಪಡೆದು ನೀರಿಗಿಳಿದರೆ ಈ ಲೆಕ್ಕವೇ ಬೇಡ.