ಗುಂಡ ಮೂಕನಾಗಿರಲಿಲ್ಲ

ನಮಸ್ಕಾರ.

ನಿಮ್ಮ ಬೆಕ್ಕು ಗುಂಡನ ಸಾವಿನ ಬಗ್ಗೆ ನೀವು ಕಳಿಸಿದ ಬರಹ ಬಂದು 15 ದಿನ ಆಯ್ತು. ತಡವಾಗಿದ್ದಕ್ಕೆ ಕ್ಷಮಿಸಿ. ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆದು ಕಳಿಸುತ್ತೇನೆ. ನಿಮ್ಮದನ್ನು ಮೂರು ಸಲ ಓದಿದೆ. ಮೊದಲ ಸಲ ಕೋಪ ಬಂತು. ಎರಡನೇ ಸಲವೂ ಬಂತು, ಆದರೆ ಬೇರೆ ಕಾರಣಕ್ಕೆ. ಮೂರನೇ ಸಲ ಓದಿ ಮುಗಿಸಿ ಸುಮ್ನೆ ಕೂತುಬಿಟ್ಟೆ. ಅದಕ್ಕೇ ಈ ಉದ್ದದ ಉತ್ತರ. ನಿಮ್ಮ ಹೆಸರು ಬಿಟ್ಟು ಇದನ್ನು ಬೇರೆಯವರೂ ಓದಲಿ ಅಂತ ನೀವು ಒಪ್ಪಿದ್ದೀರಿ, ಅದಕ್ಕೆ ಥ್ಯಾಂಕ್ಸ್.

ಆ ಬೇರೆಯವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ಗಂಡು ಬೆಕ್ಕು ಗುಂಡ, ವಯಸ್ಸು 4. ಒಂದು ದಿನ ಬೆಳಗ್ಗೆಯಿಂದ ಮರಳಿನ ಟ್ರೇಗೆ ಹೋಗೋದು, ಕೂರೋದು, ಎದ್ದು ಬರೋದು. ರಾತ್ರಿಯಿಡೀ ಕೂಗಿದ. ಮಾರನೇ ದಿನ ಡಾಕ್ಟರ ಹತ್ತಿರ ಒಯ್ದಿರಿ. ಅವರು ಮಲಬದ್ಧತೆ ಅಂದು ಒಂದು ಸಿರಪ್ ಕೊಟ್ಟರು. ಸಂಜೆ ಹೊತ್ತಿಗೆ ಗುಂಡ ಸುಮ್ಮನಾದ. ಮೂರನೇ ದಿನ ನಸುಕಿನಲ್ಲಿ ಬೇರೊಂದು ಆಸ್ಪತ್ರೆಗೆ ಓಡಿದಿರಿ. ಅಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿದ ಕೂಡಲೇ "ಮೂತ್ರ ಕಟ್ಟಿದೆ" ಅಂದರು. ಅವರು ಕೆಲಸ ಶುರು ಮಾಡುವಷ್ಟರಲ್ಲಿ ಗುಂಡ ಇರಲಿಲ್ಲ.

ನಿಮ್ಮ ಭಾಷೆ ಸರಾಗವಾಗಿದೆ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ, ಈಗ ಅದು ಅಪರೂಪ. ಗುಂಡ ಮನೆಗೆ ಬಂದ ದಿನದ ವರ್ಣನೆ ಚೆನ್ನಾಗಿದೆ.

ಈಗ ನನಗೆ ಕೋಪ ತರಿಸಿದ ಪದಕ್ಕೆ ಬರುತ್ತೇನೆ. ಮೂಕಪ್ರಾಣಿ. ನಾಲ್ಕು ಪುಟದಲ್ಲಿ 9 ಸಲ ಇದೆ. ಎಣಿಸಿದ್ದೇನೆ. "ತನ್ನ ನೋವನ್ನು ಹೇಳಿಕೊಳ್ಳಲಾಗದ ಮೂಕಪ್ರಾಣಿ", "ಆ ಮೂಕಪ್ರಾಣಿಯ ವೇದನೆ ಯಾರಿಗೆ ತಿಳಿದೀತು", ಹೀಗೆ. ಆದರೆ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ: "ರಾತ್ರಿ ಬಚ್ಚಲುಮನೆಯ ಮೂಲೆಯಲ್ಲಿ ಕೂತು, ಎಂದೂ ಕೇಳದಂಥ ದನಿಯಲ್ಲಿ ಕೂಗುತ್ತಿದ್ದ. ನಾನು ದೀಪ ಹಾಕಿದರೆ ನನ್ನ ಮುಖ ನೋಡಿ ಮತ್ತೆ ಕೂಗುತ್ತಿದ್ದ." ಇದು ಮೂಕಪ್ರಾಣಿಯಾ? ರಾತ್ರಿಯಿಡೀ ಹೇಳಿದ್ದಾನಲ್ಲ! ಟ್ರೇಗೆ ಹತ್ತಾರು ಸಲ ಹೋಗಿ ಒಂದು ಹನಿಯೂ ಇಲ್ಲದೆ ವಾಪಸ್ ಬಂದು ಹೇಳಿದ್ದಾನೆ. ತನ್ನ ಮೈಯನ್ನೇ ಮತ್ತೆ ಮತ್ತೆ ನೆಕ್ಕಿಕೊಂಡು ಹೇಳಿದ್ದಾನೆ, ಅದನ್ನೂ ನೀವೇ ಬರೆದಿದ್ದೀರಿ. ಇಷ್ಟು ಹೇಳಿದವನನ್ನು ನೀವು 9 ಸಲ ಮೂಕ ಅಂದಿರಿ. ನನಗೆ ಅದು ತಡೆಯಲಾಗಲಿಲ್ಲ.

ನನ್ನ ಪರಿಚಯದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿ ಕೇಳಿದೆ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಪೂರ. ಸಣ್ಣ ಹರಳುಗಳೋ, ಲೋಳೆಯೋ ಅಲ್ಲಿ ಸಿಕ್ಕಿಕೊಂಡರೆ ದಾರಿ ಮುಚ್ಚಿಹೋಗುತ್ತದೆ. ಮೂತ್ರಕೋಶ ತುಂಬಿ ಚೆಂಡಿನ ಹಾಗೆ ಗಟ್ಟಿಯಾಗುತ್ತದೆ. ಕೈಗೆ ಸಿಗುತ್ತದಂತೆ, ಹೊಟ್ಟೆ ಮುಟ್ಟಿದರೆ ಸಾಕು. ಮುಟ್ಟದಿದ್ದರೆ ಸಿಗುವುದಿಲ್ಲ. ಕಿಡ್ನಿ ಕೆಲಸ ನಿಲ್ಲಿಸುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಅದು ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಬಿಡಿಸದೇ ಹೋದರೆ ಎರಡು-ಮೂರು ದಿನದೊಳಗೆ ಬೆಕ್ಕು ಸಾಯುತ್ತದೆ. ಕ್ಯಾಥೆಟರ್ ಅನ್ನುವ ತೆಳು ಕೊಳವೆ ಹಾಕಿ ಬಿಡಿಸಿದರೆ ಎಷ್ಟೋ ಬೆಕ್ಕುಗಳು ಉಳಿಯುತ್ತವೆ, ಕೆಲವು ಸಲ ಮತ್ತೆ ಕಟ್ಟುವುದೂ ಉಂಟು.

ಇದನ್ನು ಕೇಳಿದ ಮೇಲೆ ನಿಮ್ಮ ಮೂರನೇ ಪುಟಕ್ಕೆ ಹೋದೆ. "ಸಂಜೆಯಾಗುತ್ತಿದ್ದಂತೆ ಅದು ಶಾಂತವಾಯಿತು. ಸಿರಪ್ ಕೆಲಸ ಮಾಡಿತು, ನೋವು ಕಮ್ಮಿಯಾಗಿದೆ ಅಂದುಕೊಂಡು ನಾವೂ ನೆಮ್ಮದಿಯಿಂದ ಮಲಗಿದೆವು." ಇಲ್ಲಿ ನಾನು ಪುಟ ಕೆಳಗಿಟ್ಟೆ. ಆ ಶಾಂತಿ ನೋವು ಕಮ್ಮಿಯಾಗಿ ಬಂದದ್ದಲ್ಲ. ಗುಂಡ ನಿಜವಾಗಿ ಮೂಕನಾದದ್ದು ಆಗ, ಅಷ್ಟೂ ಹೊತ್ತಿನಲ್ಲಿ ಒಂದೇ ಸಲ. ಆ ಪದಕ್ಕೆ ಈ ಬರಹದಲ್ಲಿ ಇರುವ ಜಾಗ ಅದೊಂದೇ. ನೀವು 9 ಸಲ ಬಳಸಿದ್ದೀರಿ, ಅಲ್ಲಿ ಮಾತ್ರ ಬಳಸಿಲ್ಲ.

ಎರಡನೆಯದು ಸಿರಪ್ ಕೊಟ್ಟ ಡಾಕ್ಟರ ವಿಷಯ. "ಕಟುಕ", "ಕರುಣೆಯಿಲ್ಲದ ಕಲ್ಲು ಹೃದಯ", "ವೃತ್ತಿಗೇ ಕಳಂಕ" ಅಂತ ಒಂದೇ ಪ್ಯಾರಾದಲ್ಲಿ ಬರೆದಿದ್ದೀರಿ. ಇವುಗಳ ನಡುವೆ ಒಂದು ಸಾಲು ಸಿಕ್ಕಿಕೊಂಡಿದೆ: "ಅವರು ಅವನನ್ನು ಬುಟ್ಟಿಯಿಂದ ಹೊರಗೆ ತೆಗೆಯಲೇ ಇಲ್ಲ." ಈ ಸಾಲು ಇದ್ದ ಮೇಲೆ ಕಟುಕ ಅನ್ನುವ ಪದಕ್ಕೆ ಏನು ಕೆಲಸ? ಓದುವವರು ಬುಟ್ಟಿ ನೋಡಲಿ. ಅದರ ಮುಚ್ಚಳ ತೆರೆದಿತ್ತೋ ಮುಚ್ಚಿತ್ತೋ? ಅವರು ಬಗ್ಗಿ ನೋಡಿದರಾ, ಕುರ್ಚಿಯಲ್ಲಿ ಕೂತೇ ನೋಡಿದರಾ? ಎಷ್ಟು ನಿಮಿಷ? ಬರೆದರೆ ತೀರ್ಪನ್ನು ಓದುವವರೇ ಕೊಡುತ್ತಾರೆ.

ಆ ಸಾಲಲ್ಲಿ ಇನ್ನೊಂದು ಇದೆ. ನೀವು ಗಮನಿಸಿದ್ದೀರೋ ಇಲ್ಲವೋ. ಮನೆಯಲ್ಲಿ ಗುಂಡ "ಅವನು". ಬಂದ, ಮಲಗಿದ, ಕೂಗಿದ. ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ನಿಮ್ಮ ಕೈಯಲ್ಲೇ ಅವನು "ಅದು" ಆಗಿದ್ದಾನೆ. ಅದು ನಡುಗುತ್ತಿತ್ತು, ಅದು ಶಾಂತವಾಯಿತು, ಅದು ಕೊನೆಯುಸಿರೆಳೆಯಿತು. ಬುಟ್ಟಿಯ ಸಾಲಲ್ಲಿ ಮಾತ್ರ ಮತ್ತೆ "ಅವನನ್ನು". ವ್ಯಾಕರಣಕ್ಕೆ ಎರಡೂ ಸರಿ. ಆದರೆ ಬೇಕಂತಲೇ ಮಾಡಿದ್ದಾದರೆ ಅದರ ಭಾರ ಗೊತ್ತಿರಲಿ. ಗೊತ್ತಿಲ್ಲದೆ ಆಗಿದ್ದರೆ ಎಲ್ಲವನ್ನೂ "ಅವನು" ಮಾಡಿ. "ಕೊನೆಯುಸಿರೆಳೆಯಿತು" ಬೇಡ. "ಸತ್ತ" ಅಂತ ಬರೆಯಿರಿ, ಕಷ್ಟವಾದರೂ.

ಆಸ್ಪತ್ರೆಯ ಹೆಸರು ನಾನೇ ತೆಗೆದಿದ್ದೇನೆ. ನಮ್ಮ ಹತ್ತಿರ ಇರುವುದು ಒಂದು ಕಡೆಯ ಮಾತು ಮಾತ್ರ, ಅದಕ್ಕೆ.

ಇನ್ನು ಬರೆಯಲು ನನಗೇ ಕಷ್ಟವಾಗುತ್ತಿರುವ ಮಾತು. ಎರಡನೇ ಪುಟದ ಕೊನೆ: "ಎರಡು ದಿನದಿಂದ ಮಲಬದ್ಧತೆ ಇರಬೇಕು ಡಾಕ್ಟ್ರೇ ಎಂದೆ." ಅಂದರೆ ಆ ಪದ ಮೊದಲು ಬಂದದ್ದು ನಿಮ್ಮ ಬಾಯಿಂದ. ಅವರು ಅದನ್ನೇ ಬರೆದುಕೊಂಡರು. ನೀವು ಈ ಸಾಲನ್ನು ಬರೆದು, ಅದರ ಪಕ್ಕ ನಿಲ್ಲದೆ ಓಡಿಹೋಗಿದ್ದೀರಿ. ಮುಂದಿನ ಎರಡು ಪುಟದ ಬೈಗುಳವೆಲ್ಲ ಆ ಓಟವೇ ಅಂತ ನನಗೆ ಅನ್ನಿಸಿತು.

ತಪ್ಪು ತಿಳಿಯಬೇಡಿ. ಗುಂಡನ ಸಾವನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ತಿಣುಕುವ ಬೆಕ್ಕನ್ನು ನೋಡಿ ಮಲಬದ್ಧತೆ ಅಂದುಕೊಳ್ಳುವವರು ತುಂಬ ಜನ, ಎರಡಕ್ಕೂ ಕೂರುವ ಭಂಗಿ ಹೆಚ್ಚುಕಮ್ಮಿ ಒಂದೇ. ಮನೆಯವರು ಏನೇ ಹೇಳಲಿ, ಹೊಟ್ಟೆ ಮುಟ್ಟಿ ನೋಡಬೇಕಾದದ್ದು ಡಾಕ್ಟರೇ. ಅವರ ತಪ್ಪು ಅವರದೇ. ಆದರೆ ಬರಹ ಅಂತ ಬಂದಾಗ, ಆ ಮೇಜಿನ ಮುಂದೆ ಮೂವರೂ ಇದ್ದಿರಿ. ನೀವು ಹೇಳಿದಿರಿ, ಅವರು ನಂಬಿದರು, ಬುಟ್ಟಿಯೊಳಗೆ ಗುಂಡ ಇದ್ದ. ನೀವು ಬರೆಯಬೇಕಾದದ್ದು ಆ ಕೆಲವು ನಿಮಿಷ.

ನಾನು ಪತ್ರಿಕೆಗೆ ಸೇರಿದ ಮೊದಲ ವರ್ಷ ನಮ್ಮ ಮನೆಯ ನಾಯಿಮರಿ ಸತ್ತಿತು. ಪಾರ್ವೊ ಅನ್ನುವ ವೈರಸ್ ಕಾಯಿಲೆ. ರಕ್ತ ಬೆರೆತ ಭೇದಿ, ವಾಂತಿ. ಮೂರೇ ದಿನದಲ್ಲಿ ಹೋಯಿತು. ನಾನೂ ಒಂದು ಲೇಖನ ಬರೆದೆ. "ಕ್ರೂರ ವಿಧಿ ಕಿತ್ತುಕೊಂಡಿತು" ಅಂತ ಅದರ ಮೊದಲ ಸಾಲು. ನಮ್ಮ ಡೆಸ್ಕಿನಲ್ಲಿ ಹಿರಿಯರೊಬ್ಬರಿದ್ದರು, ಜಾಸ್ತಿ ಮಾತಾಡುವವರಲ್ಲ. ಅವರ ಮನೆಯಲ್ಲೂ ನಾಯಿಗಳಿದ್ದವು. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಎರಡನೇ ಸೂಜಿ ಯಾವತ್ತು ಹಾಕಿಸಿದ್ದೆ?"

ಮರಿಗಳಿಗೆ ಒಂದು ಲಸಿಕೆ ಸಾಲದು. ಕೆಲವು ವಾರ ಬಿಟ್ಟು ಮತ್ತೆ, ಅದಾದ ಮೇಲೆ ಮತ್ತೆ ಹಾಕಿಸಬೇಕು. ನನಗೆ ಗೊತ್ತಿತ್ತು. ಚೀಟಿಯಲ್ಲಿ ತಾರೀಕು ಬರೆದುಕೊಟ್ಟಿದ್ದರು. ಆ ವಾರ ಕೆಲಸ ಜಾಸ್ತಿ ಇತ್ತು.

"ಹಾಕಿಸಿರಲಿಲ್ಲ ಸಾರ್," ಅಂದೆ.

"ಹಾಗಾದ್ರೆ ಅದನ್ನ ಬರಿ," ಅಂದು ಪುಟ ವಾಪಸ್ ಕೊಟ್ಟರು.

ಎದ್ದು ಹೊರಗೆ ಹೋದೆ. ಅವರ ಮೇಲೆ ಸಿಟ್ಟು ಬಂದಿತ್ತು. ಇಷ್ಟು ನೋವಲ್ಲಿರುವವನಿಗೆ ಹೀಗೆ ಹೇಳ್ತಾರಾ ಅಂತ. ವಾರ ಬಿಟ್ಟು ಬರೆದೆ. ಚೀಟಿಯನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟಿದ್ದು, ದಿನಾ ತಲೆ ಬಾಚುವಾಗ ಅದನ್ನು ನೋಡಿದ್ದು, ತಾರೀಕು ದಾಟಿದ ಮೇಲೂ ಅದು ಅಲ್ಲೇ ಇದ್ದದ್ದು. ವಿಧಿ ಅನ್ನುವ ಪದ ಎಲ್ಲೂ ಬೇಕಾಗಲಿಲ್ಲ. ಅವರು ಓದಿ ಏನೂ ಹೇಳಲಿಲ್ಲ, ಒಂದು ಅಕ್ಷರ ತಿದ್ದದೆ ಅಚ್ಚಿಗೆ ಕಳಿಸಿದರು. ಇವತ್ತಿಗೂ ಆ ಲೇಖನ ನನ್ನ ಹತ್ತಿರ ಇದೆ. ಓದಲು ಆಗುವುದಿಲ್ಲ.

ಹಾಗಾಗಿ ನಿಮ್ಮನ್ನೂ ಕೇಳುತ್ತಿದ್ದೇನೆ. "ಸ್ವಲ್ಪ ಸಮಯದ ನಂತರ", "ಕೆಲಹೊತ್ತು ಕಳೆದು" ಇಂಥವೆಲ್ಲ ತೆಗೆದು ಗಂಟೆ ಹಾಕಿ. ಈ ಕಾಯಿಲೆಯಲ್ಲಿ ಗಂಟೆಗಳೇ ಎಲ್ಲ. ಮೊದಲ ಸಲ ಟ್ರೇಯಿಂದ ಬರಿದೇ ಎದ್ದು ಬಂದದ್ದನ್ನು ನೀವು ನೋಡಿದ್ದು ಎಷ್ಟು ಹೊತ್ತಿಗೆ? ಡಾಕ್ಟರ ಕೋಣೆಗೆ ಹೋದದ್ದು ಎಷ್ಟಕ್ಕೆ? ಕೂಗು ನಿಂತದ್ದು ಎಷ್ಟಕ್ಕೆ? ಮೊದಲ ಪುಟದ "ಮುದ್ದಿನ ಕಣ್ಮಣಿ" ಇತ್ಯಾದಿ ಇದ್ದರೂ ಸರಿ, ಹೋದರೂ ಸರಿ, ಅದರ ಬಗ್ಗೆ ನನಗೆ ತಕರಾರಿಲ್ಲ.

ಬಚ್ಚಲುಮನೆಯ ಪ್ಯಾರಾವನ್ನು ಮಾತ್ರ ಮುಟ್ಟಬೇಡಿ. ದೀಪ ಹಾಕಿದಾಗ ಅವನು ನಿಮ್ಮ ಮುಖ ನೋಡಿದ್ದು, ಮತ್ತೆ ಕೂಗಿದ್ದು ಇರಲಿ. ಆಮೇಲೆ ನೀವೇನು ಮಾಡಿದಿರಿ ಅಂತ ಬರೆದಿಲ್ಲ. ದೀಪ ಆರಿಸಿ ಹೋದಿರಾ, ಅಲ್ಲೇ ಕೂತಿರಾ? ಅಷ್ಟನ್ನು ಸೇರಿಸಿ ಕಳಿಸಿ. ಕಾಯುತ್ತಿರುತ್ತೇನೆ.