ಮೆಡಿಕಲ್ ಕಾಲೇಜಲ್ಲಿ ಓಬಿಜಿ (ಹೆರಿಗೆ, ಸ್ತ್ರೀರೋಗ) ವಿಭಾಗದ ಅಸಿಸ್ಟೆಂಟ್ ಪ್ರೊಫೆಸರ್, ಏಳು ತಿಂಗಳ ಮಗು ಇದೆ. ಮಗು, ಕೆಲಸ ಬ್ಯಾಲೆನ್ಸ್ ಮಾಡೋದು ಹೇಗೆ? ಲೈಟ್ ಡ್ಯೂಟಿ ಕೇಳ್ಲಾ, ಎರಡು ವರ್ಷ ಕೆಲಸ ಬಿಡ್ಲಾ?

ಎರಡೂ ಬೇಡ. ಲೈಟ್ ಡ್ಯೂಟಿ ಅಂತೂ ಖಂಡಿತ ಬೇಡ, ನಾನು ಅದನ್ನೇ ಕೇಳಿ ಕೈ ಸುಟ್ಕೊಂಡವಳು.

ನಂದೂ ಓಬಿಜಿ, ಪ್ರೈವೇಟ್ ಕಾಲೇಜು. ನೈಟ್ ಡ್ಯೂಟಿ ಬೇಡ ಅಂದೆ, ಆಯ್ತಮ್ಮ ಅಂದ್ರು, ಬದಲಿಗೆ ಹುಡುಗರ ಲಾಗ್‌ಬುಕ್, ಇಂಟರ್ನಲ್ ಮಾರ್ಕ್ಸ್, ನ್ಯಾಕ್ (ಕಾಲೇಜಿಗೆ ಗ್ರೇಡ್ ಕೊಡೋ ಸಂಸ್ಥೆ) ಫೈಲು, ಇನ್‌ಸ್ಪೆಕ್ಷನ್ ಫೈಲು ಎಲ್ಲಾ ನನ್ನ ಟೇಬಲ್ಲಿಗೆ ಬಂತು. ಮನೆಗೆ ಹೋಗೋದು ಮೊದಲಿನಷ್ಟೇ ಲೇಟು, ಆಪರೇಷನ್ ಥಿಯೇಟರಲ್ಲಿ ದೊಡ್ಡ ಕೇಸ್ ಬಂದ್ರೆ ಮಾತ್ರ ಬೇರೆಯವರ ಹೆಸರು. ಲೇಬರ್ ರೂಮ್ ಫ್ರಿಜ್ಜಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಪಕ್ಕ ನನ್ನ ಹಾಲಿನ ಡಬ್ಬಿ, ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದು ಇಡ್ತಿದ್ದೆ. ವಾರ್ಡಲ್ಲಿ ಬಾಣಂತಿಯರಿಗೆ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡ್ಬೇಡಿ ಅಂತ ಭಾಷಣ ಬಿಗಿಯೋ ಡಿಪಾರ್ಟ್‌ಮೆಂಟಲ್ಲಿ ಪಂಪ್ ಮಾಡೋಕೆ ಚಿಲಕ ಇರೋ ಒಂದು ರೂಮಿರಲಿಲ್ಲ.

ಆದ್ರೆ ನನ್ನನ್ನ ಮುಳುಗಿಸಿದ್ದು ಅದಲ್ಲ, ಒಂದು ಸೈನು. ಲೀವ್‌ಗೆ ಮುಂಚೆ ಹೆರಿಗೆ ನಂತರದ ರಕ್ತಸ್ರಾವದ ಮೇಲೆ ಒಂದು ಸ್ಟಡಿ ಮಾಡ್ತಿದ್ದೆ, ಸ್ಟಡಿಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿಯ ಪೇಪರಲ್ಲಿ ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ (ಪಿಐ, ಅಂದ್ರೆ ಸ್ಟಡಿಯ ಮುಖ್ಯ ಜವಾಬ್ದಾರಿ ಇರೋರು) ನಾನೇ, ರೆಕಾರ್ಡ್ ಸೆಕ್ಷನ್ನಲ್ಲಿ ಕೂತು ಕೇಸ್ ಶೀಟ್ ತಿರುವಿ ಹಾಕಿದ್ದೂ ನಾನೇ. ನೀನು ಇರಲ್ಲ, ಫಾಲೋಅಪ್ ನಿಲ್ಲುತ್ತೆ, ಪಿಐ ಹೆಸರು ಬದಲಾಯಿಸೋಣ ಅಂತ ಸೀನಿಯರ್ ಒಬ್ರು ಲೆಟರ್ ತಂದ್ರು, ಹಾಕ್ದೆ. ನೋಡಿ, ರಜೆಯಲ್ಲಿದ್ರೂ ಪಿಐ ಆಗೇ ಇರಬಹುದಿತ್ತು, ಫಾಲೋಅಪ್ ಮಾಡೋಕೆ ಕೋ-ಇನ್ವೆಸ್ಟಿಗೇಟರ್ ಇದ್ರು, ಪೇಪರಲ್ಲಿ ಯಾರ ಹೆಸರು ಎಷ್ಟನೇದು ಅಂತ ಒಂದು ಇಮೇಲಲ್ಲಾದ್ರೂ ಬರೆಸ್ಕೋಬಹುದಿತ್ತು. ನಾನು ಮುಲಾಜಿಗೆ ಬಿದ್ದೆ. ರಜೆ ಅವರು ಕೊಡ್ತಿರೋ ಭಿಕ್ಷೆ, ಬದಲಿಗೆ ನಾನೂ ಏನಾದ್ರೂ ಕೊಡ್ಬೇಕು ಅನ್ನೋ ತಲೆ. ಪೇಪರ್ ಬಂತು, ನನ್ನ ಹೆಸರು ಐದನೇದು. ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2022ರ ನಿಯಮದಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗೋಕೆ ನಾಲ್ಕು ವರ್ಷ ಸರ್ವೀಸು, ಎರಡು ಪೇಪರು, ಹೆಸರು ಮೊದಲ ಮೂರರೊಳಗೆ ಇರ್ಬೇಕಿತ್ತು ಇಲ್ಲಾಂದ್ರೆ ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡೋರು) ಆಗಿರ್ಬೇಕಿತ್ತು. ಐದನೇ ಹೆಸರಿಗೆ ಕವಡೆ ಕಿಮ್ಮತ್ತಿರಲಿಲ್ಲ. ನನ್ನ ಜೂನಿಯರ್ ಅಸೋಸಿಯೇಟ್ ಆದ ಪಾರ್ಟಿಯಲ್ಲಿ ನಾನು ಗುಲಾಬ್ ಜಾಮೂನು ಬಡಿಸ್ತಾ ಇದ್ದೆ.

ಇನ್ನು ಕೆಲಸ ಬಿಡೋ ಮಾತು. ಬಿಟ್ರೆ ಆ ನಾಲ್ಕು ವರ್ಷದ ಲೆಕ್ಕ ಅಲ್ಲೇ ನಿಲ್ಲುತ್ತೆ, ಕೈಯೂ ಜಡ್ಡು ಹಿಡಿಯುತ್ತೆ. ಮಗು ಎರಡು ವರ್ಷಕ್ಕೆ ದೊಡ್ಡದಾಗುತ್ತೆ ಅಂತ ನಿಮಗೆ ಯಾರು ಹೇಳಿದ್ರೋ, ಆಮೇಲೆ ಶುರುವಾಗೋದು ಪ್ಲೇಸ್ಕೂಲು, ಜ್ವರ, ಮತ್ತೆ ಜ್ವರ.

ಬ್ಯಾಲೆನ್ಸ್ ಮಾಡೋದು ಹೇಗೆ ಅಂತ ಕೇಳಿದೀರಿ. ಅದೇ ಅಸಿಸ್ಟೆಂಟ್ ಪ್ರೊಫೆಸರ್ ಆಗಿರೋ ನಿಮ್ಮ ಯಜಮಾನ್ರು ಈ ಪ್ರಶ್ನೆ ಎಲ್ಲಾದ್ರೂ ಕೇಳಿದಾರಾ? ವಾರದಲ್ಲಿ ಎರಡು ರಾತ್ರಿ ಮಗು ಅವರದ್ದು ಅಂತ ಹೇಳ್ಬಿಡಿ, ನೀವು ಡ್ಯೂಟಿ ಮಾಡಿ. ಅತ್ತೆ ಏನಂತಾರೋ ಅನ್ನೋದು ಆಮೇಲೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ಆದ್ಮೇಲೆ ಹೆರಿಗೆ ರಜೆ 26 ವಾರ ಅಷ್ಟೇ ಅಲ್ಲ, 50 ಅಥವಾ ಹೆಚ್ಚು ಜನ ಕೆಲಸ ಮಾಡೋ ಜಾಗದಲ್ಲಿ ಕ್ರೆಷ್ (ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಇರಲೇಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಕೊಂಡು ಬರಬಹುದು. ಬಾಯಲ್ಲಿ ಕೇಳ್ಬೇಡಿ, ಪ್ರಿನ್ಸಿಪಾಲ್‌ಗೆ ಲೆಟರ್ ಬರೆದು ಇನ್‌ವರ್ಡ್ ಸೀಲ್ ಹಾಕಿಸ್ಕೊಳ್ಳಿ, ನಿಮ್ಮಂಥ ಇನ್ನಿಬ್ರು ತಾಯಂದಿರ ಸೈನೂ ಇದ್ರೆ ಇನ್ನೂ ಒಳ್ಳೇದು.

ನಾನು ಆಮೇಲೆ ಸ್ವಂತ ಎರಡು ಪೇಪರ್ ಬರೆದು ಅಸೋಸಿಯೇಟ್ ಆದೆ, ತಡವಾಗಿ. ನೀವು ಎಥಿಕ್ಸ್ ಕಮಿಟಿಗೆ ಹಾಕಿರೋದು ಏನಾದ್ರೂ ಇದ್ರೆ ನಾಳೇನೇ ಹೋಗಿ ಪಿಐ ಕಾಲಮ್ಮಲ್ಲಿ ಯಾರ ಹೆಸರಿದೆ ನೋಡ್ಕೊಂಡು ಬನ್ನಿ.